ಸೂರಿನ ಸಂದಿಯ ಕೂದಲುಂಡೆ

ಅರವತ್ತನೇ ಇಸವಿಯ ಆಸುಪಾಸು. ಪುಟ್ಟೇನಹಳ್ಳಿಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಹೆಂಗಸರು ಜಗಲಿಯಲ್ಲಿ ಸಾಲಾಗಿ ಕೂತು ಒಬ್ಬರ ತಲೆ ಇನ್ನೊಬ್ಬರು ಬಾಚುತ್ತಿದ್ದರು. ಊರಿನ ಅರ್ಧ ಸುದ್ದಿ ಹುಟ್ಟುತ್ತಿದ್ದುದೇ ಅಲ್ಲಿ. ಆ ಸಾಲಿನಿಂದ ದ್ರೌಪದಮ್ಮ ಮಾಯವಾಗಿ ತಿಂಗಳುಗಳೇ ಆಗಿದ್ದವು.

ಕಳೆ ಕಿತ್ತು ಕಿತ್ತು ಅವಳ ಮಂಡಿ ಹಿಡಿದುಕೊಂಡಿತ್ತು. ಗಂಡ ಲಕ್ಕಣ್ಣ ಯಲಹಂಕಕ್ಕೆ ಹೋದಾಗಲೆಲ್ಲ ಅಂಗಡಿಯಿಂದ ನೋವಿನ ಮಾತ್ರೆ ತರುತ್ತಿದ್ದ. ಡಾಕ್ಟರನ್ನು ಯಾರು ಕೇಳಿದರು? ನೋವೇನೋ ತಗ್ಗಿತು, ಆದರೆ ಕೂದಲು ಉದುರತೊಡಗಿತು. ಗುಟ್ಟು ರಟ್ಟಾದೀತೆಂದು ಅವಳು ಒಳಗೇ ಕೂತು, ಆಚೆಯ ನಗು ಕೇಳುತ್ತ ಒಬ್ಬಳೇ ಬಾಚಿಕೊಳ್ಳುತ್ತಿದ್ದಳು. ಅವಳ ತಲೆಯನ್ನು ಇನ್ನೊಂದು ಕೈ ಮುಟ್ಟಿ ಎಷ್ಟು ದಿನವಾಗಿತ್ತೋ! ನೆನೆದರೆ ಅಳು ಬರುತ್ತಿತ್ತು.

“ನಮ್ಮಪ್ಪನ ಕಾಲದ ಮುಡಿ ಹರಕೆ ಬಾಕಿ ಐತೆ. ದೇವ್ರು ಅದನ್ನೇ ಕೇಳ್ತಾವ್ನೆ. ಸ್ವಾಮಾರ ನಿನ್ ತಲೆ ಬೋಳ್ಸಿಬಿಡಾನ,” ಎಂದ ಲಕ್ಕಣ್ಣ.

ಪಕ್ಕದ ಮನೆಯ ಬಾಣಂತಿಯನ್ನು ನೋಡಲು ಬಂದ ನರ್ಸ್ ಮಲ್ಕಾ ಅದೇ ದಿನ ನೀರು ಕೇಳಿಕೊಂಡು ಒಳಗೆ ಬಂದಳು. ಉದುರಿದ ಕೂದಲನ್ನು ಸುತ್ತಿ ಸೂರಿನ ಸಂದಿಗೆ ಸಿಕ್ಕಿಸಿಟ್ಟು ಪಿನ್ನು ಮಾರುವವನಿಗೆ ಕೊಟ್ಟು ಬದಲಿಗೆ ಪಿನ್ನು ಪಡೆಯುವುದು ಎಲ್ಲ ಮನೆಯ ರೂಢಿ. ಈ ಮನೆಯ ಉಂಡೆ ರಾಗಿಮುದ್ದೆಯಷ್ಟಿತ್ತು.

“ಇದೆಲ್ಲ ಒಂದೇ ತಲೇದಾ ಅಕ್ಕಾ?”

ದ್ರೌಪದಮ್ಮ ತಲೆಯ ಮೇಲಿನ ಸೆರಗು ಬಿಗಿಮಾಡಿಕೊಂಡಳು. ಆಮೇಲೆ ತಡೆಯಲಾರದೆ ಅತ್ತುಬಿಟ್ಟಳು. “ಮುಡಿ ಹರಕೆ ಬಾಕಿ ಐತಂತೆ, ದೇವ್ರು ಅದನ್ನೇ ಕೇಳ್ತಾವ್ನಂತೆ ನರ್ಸಮ್ಮ.”

“ಹರಕೆ ನಿಮ್ಮಿಷ್ಟ. ಮಾತ್ರೆ ಏನಾದ್ರೂ ತಗೋತಿದ್ದೀರಾ?” ಅವಳು ತಂದು ತೋರಿಸಿದ ಪೊಟ್ಟಣ ನೋಡಿ ಮಲ್ಕಾ ಹೇಳಿದಳು: “ಅಪರೂಪಕ್ಕೆ ಕೆಲವ್ರಿಗೆ ನೋವಿನ ಮಾತ್ರೆಯಿಂದ್ಲೂ ಕೂದ್ಲು ಉದುರುತ್ತೆ. ಬೇರೆ ಕಾರಣಾನೂ ಇರ್ಬೋದು. ಡಾಕ್ಟ್ರು ನೋಡ್ಲಿ.”

ಹೊಲದಿಂದ ಬಂದ ಲಕ್ಕಣ್ಣ ನಕ್ಕ. “ಮಂಡಿಗೆ ತಿಂದಿದ್ದು ತಲೆಗ್ಯಾಕಮ್ಮ ಓಗ್ತದೆ?”

“ಸಾರಿಗೆ ಹಾಕಿದ ಉಪ್ಪು ಒಂದೇ ಮೂಲೇಲಿ ಕೂರುತ್ತಾ ಅಣ್ಣ? ಮಾತ್ರೇನೂ ಹಾಗೇ, ರಕ್ತದಲ್ಲಿ ಮೈಯೆಲ್ಲಾ ಸುತ್ತುತ್ತೆ.”

ಲಕ್ಕಣ್ಣ ತಲೆ ಕೆರೆದುಕೊಂಡ. ಮರುದಿನ ತಾನೇ ಗಾಡಿ ಕಟ್ಟಿ ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರು ಪರೀಕ್ಷೆ ಮಾಡಿ ಔಷಧ ಬದಲಿಸಿದರು, ತಾಳ್ಮೆಯಿಂದಿರಿ ಎಂದರು. ಹರಕೆಗೆ ಲಕ್ಕಣ್ಣ ತನ್ನ ತಲೆಯನ್ನೇ ಬೋಳಿಸಿಕೊಂಡು ಬಂದ. ಅವನ ತಲೆಯಲ್ಲಿ ಬೇಗ, ಅವಳ ತಲೆಯಲ್ಲಿ ನಿಧಾನವಾಗಿ ಹೊಸ ಕೂದಲು ಇಣುಕಿತು.

ಒಂದು ಮಧ್ಯಾಹ್ನ ದ್ರೌಪದಮ್ಮ ಜಗಲಿಗೆ ಬಂದು ತಲೆಯ ಸೆರಗು ಇಳಿಸಿ ಕೂತಳು. ಸಾಲಿನಲ್ಲಿದ್ದ ಮುನಿಯಲ್ಲಮ್ಮ ಬಾಚಣಿಗೆ ಎತ್ತಿಕೊಂಡಳು.

“ಇಷ್ಟು ದಿನ ಯಾಕಮ್ಮಿ ಯೋಳ್ನಿಲ್ಲ? ಬಾ, ಇಂಗೆ ತಿರುಗು.”

ಅಕ್ಕತಂಗಿಯರೇ, ಕೂದಲು ಉದುರಿದರೆ ಒಳಗೆ ಕೂತು ಕೊರಗಬೇಡಿ. ಅಂಗಡಿಯಿಂದ ನೀವೇ ಮಾತ್ರೆ ತಂದು ನುಂಗಬೇಡಿ. ಡಾಕ್ಟರು ಕೊಟ್ಟದ್ದನ್ನು ಅವರನ್ನು ಕೇಳದೆ ನಿಲ್ಲಿಸಲೂ ಬೇಡಿ. ತಿನ್ನುವ ಮಾತ್ರೆಯನ್ನೆಲ್ಲ ಅವರಿಗೆ ತೋರಿಸಿ. ಮತ್ತೆ, ನಿಮ್ಮ ಜಗಲಿಯ ಸಾಲಿನಲ್ಲಿ ಯಾರಾದರೂ ಕಾಣದಿದ್ದರೆ ಬಾಚಣಿಗೆ ಹಿಡಿದು ಹೋಗಿ ಅವರ ಬಾಗಿಲು ತಟ್ಟಿ.