ಬಾಗಿಲ ಮೇಲಿನ ಹೆಸರು

"ಚಳಿಗೆ ಹೀಟ್ ಪಂಪ್ ಹೋದ ವರ್ಷ ಹಾಕಿಸಿದ್ದು. ಕಾರ್ಪೆಟ್ ಕೂಡ ಹೊಸದೇ," ಎನ್ನುತ್ತ ವಿಶ್ವೇಶ್ವರ ಒಂದೊಂದೇ ದೀಪ ಹಾಕಿಕೊಂಡು ಹೋದರು. ಟೌರಂಗಾ ಬಂದರಿನ ಹಿಂದಿನ ಬೀದಿಯಲ್ಲಿ ಅವರು ಬಾಡಿಗೆಗೆ ಕೊಟ್ಟಿದ್ದ ಅಂಗಡಿಗಳ ಪಕ್ಕಕ್ಕಿದ್ದ ಅವರದೇ ಹಾಲ್ ಅದು. ಅಡುಗೆಕಟ್ಟೆ ಇತ್ತು, ಎರಡು ಸಣ್ಣ ಕೋಣೆಗಳಿದ್ದವು. ಕಿಟಕಿಯಲ್ಲಿ ಹಡಗಿಗೆ ಹೋಗುವ ಮರದ ದಿಮ್ಮಿಗಳ ರಾಶಿ ಕಾಣುತ್ತಿತ್ತು.

ಹೊಡಾನ್ ಎರಡೂ ಕೋಣೆಗಳ ಬಾಗಿಲು ಮುಚ್ಚಿ ನೋಡಿದಳು. ಒಳಗೆ ಅತ್ತರೆ ಹೊರಗೆ ಕೇಳಬಾರದು, ಅದು ಅವಳ ಲೆಕ್ಕ. ಸೊಮಾಲಿಯಾದ ಹೆಣ್ಣುಮಗಳು, ಊರಿನ ಕಪ್ಪು ಜನರ ಮನಸ್ಸಿನ ಆರೋಗ್ಯಕ್ಕೆಂದು ಇರುವ ಟ್ರಸ್ಟಿನ ಅಧ್ಯಕ್ಷೆ. ಅವಳ ಜೊತೆ ಹಾಲ್ ನೋಡಲು ಬಂದಿದ್ದ ಮಜೀದ್ ಅದರ ಆಡಳಿತ ಮಂಡಳಿಗೆ ಸೇರಿ ಎರಡು ವರ್ಷವಾಗಿತ್ತು. ಟ್ರಸ್ಟ್ ಈಗಿರುವ ಮನೆಯನ್ನು ಕೆಡವುತ್ತಾರೆ, ತಿಂಗಳ ಕೊನೆಗೆ ಬಿಡಬೇಕು. ಈ ಹಾಲನ್ನು ವಿಶ್ವೇಶ್ವರ ಬಾಡಿಗೆಯಿಲ್ಲದೆ ಕೊಡುತ್ತೇನೆಂದಿದ್ದರು.

"ತುಂಬಾ ಚೆನ್ನಾಗಿದೆ," ಎಂದು ಹೊಡಾನ್ ಇಂಗ್ಲಿಷಿನಲ್ಲಿ ಹೇಳಿದಳು. ಅವಳ ಕಣ್ಣು ಆಗಲೇ ಎಲ್ಲಿ ಕುರ್ಚಿ, ಎಲ್ಲಿ ಚಹಾ ಎಂದು ಜೋಡಿಸುತ್ತಿತ್ತು.

ವಿಶ್ವೇಶ್ವರ ಮಜೀದನ ಹೆಗಲ ಮೇಲೆ ಕೈ ಹಾಕಿ ಕನ್ನಡಕ್ಕೆ ತಿರುಗಿದರು. "ನೋಡಿ ಮಜೀದ್, ಒಂದೇ ಒಂದು ಮಾತು. ಹೊರಗೆ ಬಾಗಿಲ ಮೇಲೆ ಆ ಬ್ಲ್ಯಾಕ್ ಅನ್ನೋ ಹೆಸರು ಬೇಡ. 'ಸರ್ವರ ಕ್ಷೇಮ' ಅಂತ ಏನಾದ್ರೂ ಹಾಕಿ. ಪಕ್ಕದಲ್ಲಿ ಬೇಕರಿಯವರಿದ್ದಾರೆ, ದಂತವೈದ್ಯರಿದ್ದಾರೆ. ಅವರಿಗೆ ನಾನು ಏನು ಹೇಳ್ಲಿ? ಆ ಅಮ್ಮನಿಗೆ ನೀವೇ ನಯವಾಗಿ ಹೇಳಿ. ನೀವು ನಮ್ಮವರಲ್ವಾ?"

ಮಜೀದ್ ತನ್ನ ಹೆಗಲ ಮೇಲಿದ್ದ ಕೈಯನ್ನು ನೋಡಿದ. ಅವನು ಹಳಿಯಾಳದ ಕಾಡಂಚಿನ ಸಿದ್ದಿ. ಅವನ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ತಂದು ನೂರಾರು ವರ್ಷವಾಗಿದೆ, ಮನೆಯಲ್ಲಿ ಯಾರಿಗೂ ಆ ದಡದ ಹೆಸರೂ ಗೊತ್ತಿಲ್ಲ. ಹೋದ ರಾಜ್ಯೋತ್ಸವದಲ್ಲಿ ಇದೇ ವಿಶ್ವೇಶ್ವರ ಅವನನ್ನು ವೇದಿಕೆಗೆ ಹತ್ತಿಸಿ, "ಇವರನ್ನು ನೋಡಿ, ಎಷ್ಟು ಚೆಂದ ಕನ್ನಡ ಮಾತಾಡ್ತಾರೆ!" ಎಂದು ಚಪ್ಪಾಳೆ ಹೊಡೆಸಿದ್ದರು. "ನಿಮಗಿಂತ ಚಲೋ ಮಾತಾಡ್ತೀನ್ರಿ," ಎಂದು ಹೇಳಿ ಮಜೀದ್ ಕೆಳಗಿಳಿದಿದ್ದ. ಜನ ಅದಕ್ಕೂ ನಕ್ಕಿದ್ದರು. 'ನಮ್ಮವರು' ಎಂಬ ಮಾತನ್ನು ಅವರ ಬಾಯಲ್ಲಿ ಕೇಳಿದ್ದು ಇವತ್ತೇ.

"ಏನಂತೆ?" ಎಂದಳು ಹೊಡಾನ್.

"ಒಂದು ನಿಮಿಷ," ಎಂದ ಮಜೀದ್.

ಬಾಗಿಲ ಹತ್ತಿರ ಅವನ ಹೆಂಡತಿ ಗುಲ್ಜಾರ್ ಬೇಗಂ ನಿಂತಿದ್ದಳು. ಸಂತೆ ಮಾಡಿಕೊಂಡು ಹೋಗಲು ಬಂದವಳು. ಹೊರಗೆ ಯೂಟ್ ಪಿಕಪ್ ಗಾಡಿಯಲ್ಲೇ ಕೂತಿರು ಎಂದರೆ ಕೇಳಿರಲಿಲ್ಲ. ಅವಳಿಗೆ ಎಲ್ಲ ಕೇಳಿಸಿತ್ತು.

"ಹೆಸರು ತೆಗೆಯೂದು ಆಗೂದಿಲ್ರಿ," ಎಂದ ಮಜೀದ್.

"ಯಾಕ್ರೀ? ಒಳಗೆ ನೀವು ಏನು ಬೇಕಾದ್ರೂ ಮಾಡ್ಕೊಳ್ಳಿ. ಹೊರಗಿನ ಹೆಸರಲ್ಲಿ ಏನಿದೆ?"

ಮಜೀದನ ಕಿವಿ ಬಿಸಿಯಾಯಿತು. ಬೈದು ಹೊರಟುಬಿಡುವುದು ಅವನಿಗೆ ಸುಲಭವಿತ್ತು. ಜೀವಮಾನವಿಡೀ ಮಾಡಿದ್ದು ಅದನ್ನೇ. ಆದರೆ ಬೈದರೆ ಹಾಲ್ ಹೋಗುತ್ತದೆ, ಕಾರಣ ಮಾತ್ರ ಇವರಿಗೆ ತಿಳಿಯುವುದೇ ಇಲ್ಲ. ಕಾರಣ ಹೇಳಬೇಕೆಂದರೆ ತನ್ನ ಕಥೆ ಹೇಳಬೇಕು. ಮಂಡಳಿಯಲ್ಲಿ ಇಂಗ್ಲಿಷಿನಲ್ಲಿ ಅದನ್ನು ಹೇಳಿದ್ದ. ಕನ್ನಡದಲ್ಲಿ ಯಾರೆದುರೂ ಹೇಳಿರಲಿಲ್ಲ. ವಿಶ್ವೇಶ್ವರರ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಆಕ್ಲೆಂಡಿನ ಕನ್ನಡಿಗರವರೆಗೂ ಹೋಗುತ್ತಿತ್ತು.

"ಕೊರೊನಾ ಆದ ಮ್ಯಾಲೆ ನಾನು ಆರು ತಿಂಗಳು ಗ್ಯಾರೇಜ್ ಮುಚ್ಚಿದ್ನೆಲ್ಲ, ನೆನಪದ ಏನು?" ಎಂದ.

"ಹೂಂ, ಬೆನ್ನು ನೋವು ಅಂತ ನಿಮ್ಮ ಮನೆಯವರು ಹೇಳಿದ್ರು."

ಮಜೀದ್ ಹೆಂಡತಿಯತ್ತ ನೋಡಿದ. ಆ ಬೆನ್ನುನೋವು ಅವಳು ಕಟ್ಟಿದ್ದು. ಕೇಳಿದವರಿಗೆಲ್ಲ ಯಾವ ಎಣ್ಣೆ, ಯಾವ ಪಟ್ಟಿ ಎಂದು ವರ್ಣಿಸಿ ಹೇಳಿದ್ದಳು. ಈಗ ಅವಳು ಕೈಚೀಲವನ್ನು ಕೆಳಗಿಟ್ಟು ಸೆರಗು ಸರಿಮಾಡಿಕೊಂಡಳು.

"ಹೇಳ್ರಿ," ಎಂದಳು. "ಹೇಳೂದಾದ್ರ ಪೂರ್ತಿ ಹೇಳ್ರಿ. ಅರ್ಧಾ ಹೇಳಿದ್ರ ಉಳದದ್ದು ಅವರ ಕಟ್ಟತಾರ."

ವಿಶ್ವೇಶ್ವರ ಹೆಗಲಿನಿಂದ ಕೈ ತೆಗೆದರು.

"ತಲಿ ಕೆಟ್ಟಿತ್ರಿ ನನಗ," ಎಂದ ಮಜೀದ್. "ನಿದ್ದಿ ಇಲ್ಲ, ಊಟ ಇಲ್ಲ. ಗ್ಯಾರೇಜಿನ್ಯಾಗ ಕಾರಿಗೆ ಬಣ್ಣ ಹೊಡಿಯೂ ಕೋಣ್ಯಾಗ ಬಾಗಿಲಾ ಹಾಕ್ಕೊಂಡು ಕೂಡ್ತಿದ್ನಿ. ಡಾಕ್ಟರು ನಮ್ಮ ಇಂಡಿಯಾದ ಒಬ್ಬ ಕೌನ್ಸೆಲರ್ ಹತ್ರ ಕಳಿಸಿದ್ರು. ಅಂವ ತಾಸುಗಟ್ಟಲೆ ನನ್ನ ಕೇಳಿದ್ದು ಒಂದ ಪ್ರಶ್ನಿ. ನಿನ್ನ ದೇಶ ಯಾವುದು? ಹಳಿಯಾಳ ಅಂದ್ನಿ. ಅದು ಆಫ್ರಿಕಾದಾಗ ಎಲ್ಲಿ ಬರ್ತದ ಅಂದ."

ವಿಶ್ವೇಶ್ವರರಿಗೆ ನಗು ಬಂತು. ಮಜೀದ್ ನಗಲಿಲ್ಲ. ಅವರೂ ನಿಲ್ಲಿಸಿದರು.

"ಸಾಯಬೇಕಂತ ಹೊಂಟಿದ್ನಿ ಅವತ್ತು. ಸುಳ್ಳಲ್ಲ. ಸಮುದ್ರದ ಕಡೆ ನಡಕೋತ ಹೊಂಟಾಗ ಒಂದು ಬಾಗಿಲ ಮ್ಯಾಲೆ ಆ ಹೆಸರು ಕಂಡ್ತು. ಹುಬ್ಬಳ್ಳಿ ಬಸ್ ಸ್ಟ್ಯಾಂಡಿನ್ಯಾಗ ಕರಿಯಾ ಅಂದವನ ಹಲ್ಲು ಉದುರಿಸಿದಾಂವ ನಾನು. ಆದ್ರ ಅವತ್ತು ಅದ ಮಾತು ಓದಿ ಸಿಟ್ಟು ಬರಲಿಲ್ಲ. ಇದನ್ನ ನನ್ನ ಕರೀಲಿಕ್ಕೆ ಬರದಾರ ಅನಿಸ್ತು. ಒಳಗ ಹೋದ್ನಿ. ಈ ಹೊಡಾನ್ ಬಾಯಿ ಊರು ಕೇಳಲಿಲ್ಲ, ದೇಶ ಕೇಳಲಿಲ್ಲ. ಉಂಡೀಯೇನಪಾ ಅಂತ ಕೇಳಿದ್ಳು." ಅವನ ದನಿ ಏರಿತು. "'ಸರ್ವರ ಕ್ಷೇಮ' ಅಂತ ಬರದಿದ್ರ ನಾ ಅದನ್ನ ದಾಟಿ ಹೋಗತಿದ್ನಿ ಸಾಹೇಬ್ರ. ಸರ್ವರ ಲೆಕ್ಕದಾಗ ನನ್ನ ಯಾರೂ ಯಾವಾಗೂ ಹಿಡದಿದ್ದಿಲ್ಲ."

ಹೊರಗೆ ಲಾರಿಯೊಂದು ದಿಮ್ಮಿ ಹೊತ್ತು ಹೋಯಿತು. ಕಿಟಕಿಯ ಗಾಜು ಅದುರಿತು.

"ನನಗೆ ಇದೆಲ್ಲ ಗೊತ್ತಿರ್ಲಿಲ್ಲ," ಎಂದರು ವಿಶ್ವೇಶ್ವರ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಆದ್ರೂ... ಆ ಹೆಸರಿದ್ರೆ ನನಗೆ ಕಷ್ಟ ಆಗುತ್ತೆ ಮಜೀದ್. ಬೇಜಾರು ಮಾಡ್ಕೋಬೇಡಿ."

"ಬ್ಯಾಸರ ಯಾಕ್ರಿ? ಹಾಲ್ ನಿಮ್ಮದು."

ಮಜೀದ್ ಹೊಡಾನ್‌ಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದ. ಏನನ್ನೂ ನಯ ಮಾಡಲಿಲ್ಲ. ಅವಳು ಕೊನೆಯ ಸಲ ಹಾಲಿನ ಸುತ್ತ ಕಣ್ಣಾಡಿಸಿದಳು. ಆಮೇಲೆ ವಿಶ್ವೇಶ್ವರರ ಕೈ ಕುಲುಕಿ, "ಹೆಸರು ಬದಲಿಸುವುದಿಲ್ಲ. ಸಮಯ ಕೊಟ್ಟದ್ದಕ್ಕೆ ವಂದನೆ," ಎಂದಳು. ಮೆಟ್ಟಿಲಿಳಿಯುತ್ತ ಮಜೀದನನ್ನು ಕೇಳಿದಳು, "ಬರುವ ತಿಂಗಳಿಂದ ಗುರುವಾರದ ಕೂಟದ ಗಂಡಸರನ್ನು ಎಲ್ಲಿ ಕೂರಿಸೋಣ?"

ಉತ್ತರ ಕೊಟ್ಟದ್ದು ಗುಲ್ಜಾರ್. ತನಗೆ ಬರುವಷ್ಟು ಇಂಗ್ಲಿಷಿನಲ್ಲಿ, "ಅವರ್ ಗ್ಯಾರೇಜ್," ಎಂದಳು. "ಐ ಕುಕ್."

ಹೊಡಾನ್ ಅವಳನ್ನು ತಬ್ಬಿಕೊಂಡು ತನ್ನ ಕಾರಿಗೆ ಹೋದಳು. ಗಂಡ ಹೆಂಡತಿ ಯೂಟ್ ಹತ್ತಿದರು. ಗಾಡಿ ಬಂದರಿನ ಸೇತುವೆ ಹತ್ತಿತು.

"ಸಂಜೀಕ ಎಲ್ಲಾರಿಗೂ ಗೊತ್ತಾಗತದ," ಎಂದ ಮಜೀದ್.

"ಸಂಜೀತನಕ ಯಾಕ ಕಾಯಬೇಕು?"

ಗುಲ್ಜಾರ್ ಫೋನ್ ತೆಗೆದು ಜಾನ್ಸನ್‌ವಿಲ್‌ನ ಬಸಲಿಂಗವ್ವನಿಗೆ ಹಚ್ಚಿದಳು. ಈ ದೇಶದ ಕನ್ನಡದ ಮನೆಗಳಿಗೆ ಸುದ್ದಿ ಹರಿಯುವುದು ಬಸಲಿಂಗವ್ವನ ಮನೆಯಿಂದ.

"ಬಸಲಿಂಗವ್ವಕ್ಕಾ, ಆರಾಮ? ಹಾಂ, ನಾ ಗುಲ್ಜಾರ್. ಕೇಳ್ರಿಲ್ಲೆ, ನಮ್ಮ ಮನಿಯವರಿಗೆ ಬೆನ್ನು ನೋವು ಅಂದಿದ್ನೆಲ್ಲ? ಬೆನ್ನಿಗೆ ಏನೂ ಆಗಿದ್ದಿಲ್ಲ. ಮನಸ್ಸಿಗೆ ಜಡ್ಡಾಗಿತ್ತು. ಹೌದು, ಮನಸ್ಸಿಗೆ. ಈಗ ಎದ್ದು ಕುಂತಾರ. ಎದ್ದು ಕುಂತದ್ದಷ್ಟ ಅಲ್ಲ, ಮಂದೀನ ಎಬ್ಬಸೂ ಟ್ರಸ್ಟಿನ ಮಂಡಳ್ಯಾಗ ಕುಂತಾರ. ಕಪ್ಪು ಮಂದೀದು, ನಮ್ಮ ಮಂದೀದು... ಏ, ಸಣ್ಣ ದನೀಲೆ ಯಾಕ ಮಾತಾಡ್ಲಿ? ನಿಮಗ ಕೇಳಸ್ಲಿಕ್ಹತ್ತೇತಿಲ್ಲೋ?"

ಸಿಗ್ನಲ್ ಕೆಂಪಾಯಿತು. ಪಕ್ಕದ ಕಾರಿನಲ್ಲಿದ್ದವರು ಇತ್ತ ತಿರುಗಿ ನೋಡಿದರು. ಗುಲ್ಜಾರ್‌ಳ ಕಡೆಯ ಗಾಜು ಇಳಿದೇ ಇತ್ತು, ಅವಳ ದನಿ ತಗ್ಗಲಿಲ್ಲ. ಮಜೀದ್ ತನ್ನ ಕಡೆಯ ಗಾಜನ್ನೂ ಪೂರ್ತಿ ಇಳಿಸಿ ಮೊಣಕೈಯನ್ನು ಹೊರಗಿಟ್ಟುಕೊಂಡ.