ಮೂರನೆಯ ದಿನದ ಎಡೆ

ಇನ್ನೂ ಬಂದಿರಲಿಲ್ಲ. ಹತ್ತೂಕಾಲಾಗಿತ್ತು. ಬಾಳೆಲೆಯ ಅಂಚು ಬಿಸಿಲಿಗೆ ಸುರುಳಿಯಾಗತೊಡಗಿತ್ತು, ಅನ್ನದ ಮೇಲಿನ ತುಪ್ಪವನ್ನು ಇರುವೆಗಳು ಮುಟ್ಟಿ ಹೋಗಿದ್ದವು. ಇರುವೆ ಮುಟ್ಟಿದರೆ ಲೆಕ್ಕಕ್ಕಿಲ್ಲ. ಕಾಗೆಯೇ ಆಗಬೇಕು.

ಯಲ್ಲೇಶ ಕೈಗಡಿಯಾರ ನೋಡಿಕೊಂಡ. ಯಾರಾದರೂ ನೋಡಿದರೇನೋ ಎಂದು ಅಂಗಿಯ ತೋಳು ಕೆಳಗೆಳೆದ. ಅವನು ಅಣ್ಣಿಗೇರಿಯ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಅರ್ಧ ದಿನದ ರಜೆ ಬರೆದುಕೊಟ್ಟು ಬಂದಿದ್ದ. ಕಾರಣದ ಎದುರು 'ಸ್ವಂತ ಕೆಲಸ' ಎಂದಿತ್ತು. ಅರ್ಧ ದಿನದ ದುಃಖ ಎಂದು ಬರೆಯುವ ರೂಢಿ ಇಲ್ಲ.

ಸತ್ತವನು ಅವನ ಕಾಕಾ, ಗುಡದಪ್ಪ. ಶಲವಡಿಯಲ್ಲಿ ನಲವತ್ತು ವರ್ಷ ಊರವರಿಗೆಲ್ಲ ಕುಣಿ ತೋಡಿದವನು. ಗೌಡರಿಗೂ ಅವನೇ, ಕೇರಿಯವರಿಗೂ ಅವನೇ. ಅಂಥವನ ಕುಣಿಯನ್ನು ಮೊನ್ನೆ ಜೆಸಿಬಿ ತೋಡಿತ್ತು. ಏಳೇ ನಿಮಿಷದ ಕೆಲಸ. ಕಾಕಾ ಅಳತೆಗೆ ಸರಿಯಾಗಿ ತೋಡುತ್ತಿದ್ದ, ಹೆಣಕ್ಕೆ ಒಂದು ಗೇಣು ಹೆಚ್ಚಿಲ್ಲ, ಕಡಿಮೆ ಇಲ್ಲ. ಯಂತ್ರ ತೋಡಿದ ಕುಣಿಯಲ್ಲಿ ಅವನು ಒಂದು ಮೂಲೆಗೆ ಬಿದ್ದುಕೊಂಡ ಹಾಗೆ ಕಂಡ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಇವತ್ತು ಮೂರನೆಯ ದಿನ. ಸತ್ತವನಿಗೆ ಇಷ್ಟವಾದದ್ದನ್ನೆಲ್ಲ ಮಣ್ಣಿನ ಗುಪ್ಪೆಯ ಮುಂದೆ ಎಡೆ ಇಡಬೇಕು. ಕಾಗೆ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಅವನಿಗೆ ಏನೋ ಆಸೆ ಉಳಿದಿದೆ ಎಂದು ಅರ್ಥ. ಆಗ ಒಬ್ಬೊಬ್ಬರೇ ಮುಂದೆ ಬಂದು, ಆ ಆಸೆ ಯಾವುದಿರಬಹುದೆಂದು ಊಹಿಸಿ, ತಾವು ತೀರಿಸುತ್ತೇವೆ ಎಂದು ಮಾತು ಕೊಡಬೇಕು. ಮಾತು ಸರಿಯಾದಾಗ ಕಾಗೆ ಇಳಿಯುತ್ತದೆ.

ಮಗಳು ದುರಗವ್ವ ಮೊದಲು ಮಾತು ಕೊಟ್ಟಳು: ಅವ್ವನನ್ನು ಕಲಘಟಗಿಗೆ ಕರೆದೊಯ್ದು ತನ್ನ ಹತ್ತಿರವೇ ಇಟ್ಟುಕೊಳ್ಳುತ್ತಾಳಂತೆ. ಹತ್ತಿರದ ಜಾಲಿ ಗಿಡದಲ್ಲಿ ಕುಳಿತಿದ್ದ ಕಾಗೆ ಕದಲಲಿಲ್ಲ. ಅಳಿಯ ಬೀಡಿಯ ಕಟ್ಟೊಂದನ್ನು ಎಲೆಯ ಪಕ್ಕ ಇಟ್ಟ. ಕಾಕಾ ಬೀಡಿ ಬಿಟ್ಟು ಹನ್ನೊಂದು ವರ್ಷವಾಗಿತ್ತು. ಯಾಕೆ ಬಿಟ್ಟನೆಂದು ಅಳಿಯನಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅಲ್ಲಿ ಇಬ್ಬರಿಗೇ. ಒಬ್ಬಳು ಕಾಕಾನ ಹೆಂಡತಿ ಸಣ್ಣವ್ವ, ಇನ್ನೊಬ್ಬ ಯಲ್ಲೇಶ.

ಹನ್ನೊಂದು ವರ್ಷದ ಹಿಂದೆ, ನವಲಗುಂದದ ಆಚೆ ಕಾಲುವೆಯ ನೀರಿನಲ್ಲಿ, ಹುಬ್ಬಳ್ಳಿಯಿಂದ ಬಂದ ಪಾಸ್ಟರರ ಕೈಯಲ್ಲಿ ಕಾಕಾ, ಯಲ್ಲೇಶ ಇಬ್ಬರೂ ಒಂದೇ ಬೆಳಿಗ್ಗೆ ಮುಳುಗಿ ಎದ್ದಿದ್ದರು. ಕಾಕಾ ನೀರಿನಿಂದ ಎದ್ದು ಗಟ್ಟಿಯಾಗಿ ನಕ್ಕ, ಎರಡು ದಿನ ನೆಗಡಿಯಿಂದ ಸೀನಿದ. ಯಲ್ಲೇಶ ಎದ್ದವನೇ ಕಾಲುವೆಯ ಏರಿಯ ಮೇಲೆ ಯಾರಾದರೂ ಇದ್ದಾರೆಯೇ ಎಂದು ನೋಡಿದ. ಇಬ್ಬರೂ ಯೇಸುವಿನ ಶಿಷ್ಯರಾದದ್ದು ಹಾಗೆ, ತಮ್ಮ ತಮ್ಮ ರೀತಿಯಲ್ಲಿ.

ತಮಾಷೆಯೆಂದರೆ, ಕಾಕಾನಿಗೆ ಅಕ್ಷರ ಕಲಿಸಿದವನೇ ಯಲ್ಲೇಶ. ಅರವತ್ತರ ಮುದುಕ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಸುವಾರ್ತೆ ಓದುತ್ತಿದ್ದ. ಕುಣಿ ತೋಡಿದಷ್ಟೇ ನಿಧಾನ, ಅಷ್ಟೇ ಆಳ. ಸತ್ತವರನ್ನು ಸತ್ತವರೇ ಹುಗಿಯಲಿ ಎಂದು ಯೇಸು ಹೇಳುವ ಜಾಗಕ್ಕೆ ಬಂದಾಗ ಪುಸ್ತಕ ಮುಚ್ಚಿ, ಹಾಗಾದರೆ ನನ್ನ ಕೆಲಸಕ್ಕೇ ಕುತ್ತು ಬಂತಲ್ಲೋ ಎಂದು ಅಳುವಷ್ಟು ನಕ್ಕಿದ್ದ.

ಇನ್ನೊಂದು ಜಾಗದಲ್ಲಿ ಮಾತ್ರ ನಗಲಿಲ್ಲ. ನಾನು ಯಾರೆಂದು ನೀವು ಹೇಳುತ್ತೀರಿ ಎಂದು ಯೇಸು ತನ್ನವರನ್ನು ಕೇಳುವ ಜಾಗ. ಕಾಕಾ ಬೆರಳನ್ನು ಅಲ್ಲೇ ಇಟ್ಟು, ನೀನೇನು ಹೇಳುತ್ತೀ ಎಂದು ಯಲ್ಲೇಶನನ್ನು ಕೇಳಿದ. ಯಲ್ಲೇಶ ಅರ್ಧ ತಾಸು ಹೇಳಿದ. ದೇವರ ಮಗ, ಮನುಷ್ಯ ಕುಮಾರ, ಅಭಿಷಿಕ್ತ, ಒಂದೊಂದು ಪದದ ಹಿಂದಿನ ಚರಿತ್ರೆ. ಕಾಕಾ ಎಲ್ಲ ಕೇಳಿಸಿಕೊಂಡು ತಲೆ ಕೆರೆದುಕೊಂಡ.

"ಅಷ್ಟೆಲ್ಲಾ ನನಗ ತಿಳಿಯಂಗಿಲ್ಲೋ. ನಮ್ಮ ಮನ್ಯಾಗ ಬಂದು ಉಣ್ಣಾಂವ, ಅಷ್ಟ. ಕುಣಿಯಿಂದ ಎದ್ದು ಬಂದಾಂವ ಏನ್ ಕೇಳಿದ? ಉಣ್ಣಾಕ ಏನರ ಐತೇನು ಅಂತ ಕೇಳಿದ."

ಆ ಉತ್ತರ ಯಲ್ಲೇಶನಿಗೆ ಸ್ವಲ್ಪ ಬಡವಾಗಿ ಕಂಡಿತ್ತು. ಪರೀಕ್ಷೆಯಲ್ಲಾದರೆ ಎರಡು ಅಂಕ ಕೊಡುತ್ತಿದ್ದ.

ಅಂದಿನಿಂದ ಕಾಕಾ ಊಟಕ್ಕೆ ಕುಳಿತಾಗಲೆಲ್ಲ, ಬಾಗಿಲು ತೆರೆದಿಟ್ಟು, ಓಣಿಗೆಲ್ಲ ಕೇಳುವಂತೆ ಪ್ರಾರ್ಥನೆ ಮಾಡುತ್ತಿದ್ದ. ಮುದುಕನಿಗೆ ಅರಳುಮರಳು ಎಂದು ಕೇರಿಯವರು ಸುಮ್ಮನಾದರು. ಯಾವ ದೇವರೆಂದು ಯಾರೂ ಕೇಳಲಿಲ್ಲ. ಅಂದಿನಿಂದಲೇ ಯಲ್ಲೇಶ ಆ ಮನೆಯಲ್ಲಿ ಊಟ ಮಾಡುವುದನ್ನು ಬಿಟ್ಟ. ಬಸ್ಸಿದೆ, ಹೊಟ್ಟೆ ಸರಿಯಿಲ್ಲ, ಈಗಷ್ಟೇ ಚಹಾ ಆಯಿತು. ಹನ್ನೊಂದು ವರ್ಷಕ್ಕೆ ಸಾಕಾಗುವಷ್ಟು ನೆಪಗಳು ಅವನ ಹತ್ತಿರ ಇದ್ದವು.

ಜೇಬಿನಲ್ಲಿ ಫೋನು ನಡುಗಿತು. ಹೆಂಡತಿ ಮಲ್ಲಿಕಾ. ಗೌಡರು ಸಿಕ್ಕರೇ ಎಂದು ಕೇಳಿದ್ದಳು.

ಸಿಕ್ಕಿದ್ದರು. ಮಡಿವಾಳೆಪ್ಪಗೌಡರು ಎಲ್ಲರಿಗಿಂತ ಹತ್ತು ಹೆಜ್ಜೆ ದೂರ, ಬೇವಿನ ನೆರಳಿನಲ್ಲಿ ಕೊಡೆ ಮಡಚಿಕೊಂಡು ನಿಂತಿದ್ದರು. ತಮ್ಮ ತಂದೆಯ ಕುಣಿ ತೋಡಿದವನೆಂದು ಕೃತಜ್ಞತೆಗೆ ಬಂದಿದ್ದರು. ದುರಗವ್ವ ಚಹಾ ಕೊಡಹೋದರೆ ಸಕ್ಕರೆ ಕಾಯಿಲೆ ಎಂದರು. ಸಕ್ಕರೆ ಹಾಕದ್ದು ತರುತ್ತೇನೆಂದರೆ ಈಗ ಬೇಡವ್ವಾ ಎಂದರು. ಒಳ್ಳೆಯ ಮನುಷ್ಯರೇ. ಅವರ ಒಳ್ಳೆಯತನಕ್ಕೆ ಇಷ್ಟೇ ದೂರ ಬೇಕಾಗುತ್ತಿತ್ತು.

ಯಲ್ಲೇಶನಿಗೆ ಅವರಿಂದ ಒಂದು ಮಾತು ಬೇಕಾಗಿತ್ತು. ಮಗಳಿಗೆ ಡಾಕ್ಟರಿಕೆಯ ಸೀಟು ಸಿಕ್ಕಿತ್ತು. ಅದು ಉಳಿಯಲು ಜಾತಿಯ ಕಾಗದಕ್ಕೆ ಸಿಂಧುತ್ವ ಆಗಬೇಕಿತ್ತು. ಸೋಮವಾರ ವಿಚಾರಣೆಗೆ ಬರುವವರು ಊರಿನ ಹಿರಿಯರನ್ನು ಕೇಳುತ್ತಾರೆ: ಇವರು ಯಾರು, ಯಾವ ದೇವರಿಗೆ ನಡೆದುಕೊಳ್ಳುತ್ತಾರೆ. ಮನೆತನದಲ್ಲಿ ಯಾರಾದರೂ ಯೇಸುವಿನ ಕಡೆ ಹೋಗಿದ್ದಾರೆಂದರೆ ಆ ಕಾಗದ ನಿಲ್ಲುವುದಿಲ್ಲ. ಇಷ್ಟೇ ವಿಷಯ. ಒಂದು ಕಡೆ ಮಗಳ ಐದು ವರ್ಷದ ಓದು, ಇನ್ನೊಂದು ಕಡೆ ಮಣ್ಣಿನ ಗುಪ್ಪೆ.

ಕಾಕಾ ಸಾಯುವುದಕ್ಕೆ ಒಂದು ವಾರ ಮೊದಲು ಅವನ ಕೈ ಹಿಡಿದು, ಮಣ್ಣಿನ ಮುಂದೆ ನಿಂತು ನಾನು ಯಾರವನೆಂದು ನೀನು ಹೇಳಬೇಕು ಎಂದಿದ್ದ. ಯಲ್ಲೇಶ ಹೂಂ ಎಂದಿದ್ದ. ಮಣ್ಣು ಕೊಟ್ಟ ದಿನ ಹೇಳಲಿಲ್ಲ, ಜನ ಬಹಳ ಇದ್ದರು. ಇವತ್ತು ಕಾಗೆ ಏತಕ್ಕೆ ಕಾಯುತ್ತಿದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕಾಗೆಯ ಶಾಸ್ತ್ರವನ್ನು ಅವನು ನಂಬುತ್ತಿರಲಿಲ್ಲ, ಆದರೂ ಗೊತ್ತಿತ್ತು.

ಸಣ್ಣವ್ವನ ಮೈದುನನೊಬ್ಬ ಮನೆಯ ಮಾಡು ರಿಪೇರಿ ಮಾಡಿಸುವ ಮಾತು ಕೊಟ್ಟ. ಕಾಗೆ ಬಗ್ಗಿ ನೋಡಿತು, ಬರಲಿಲ್ಲ. ಮುದುಕಿಯರು ಗುಸುಗುಸು ಶುರುಮಾಡಿದರು. ಕೊನೆಗೆ ಗೌಡರೇ ಎರಡು ಹೆಜ್ಜೆ ಮುಂದೆ ಬಂದರು.

"ಗುಡದಪ್ಪಾ, ನಮ್ಮಪ್ಪನ್ನ ಮಣ್ಣ ಮಾಡಿದಾಂವ ನೀ. ನಿನ್ನ ಮೊಮ್ಮಗಳ ಕಾಗದಕ್ಕ ನಾ ನಿಂತ ಹೇಳ್ತೀನಿ. ಸಮಾಧಾನಲೆ ಹೋಗು."

ವಿಚಾರಣೆಯ ಸುದ್ದಿ ಗೌಡರಿಗೆ ಮೊದಲೇ ಮುಟ್ಟಿತ್ತು. ಯಲ್ಲೇಶನಿಗೆ ಬೇಕಾದ ಮಾತು ಬೇಡದೆಯೇ ಸಿಕ್ಕಿಬಿಟ್ಟಿತ್ತು. ಕಾಗೆ ಮಾತ್ರ ಅಲ್ಲಾಡಲಿಲ್ಲ. ಅದಕ್ಕೆ ಡಾಕ್ಟರಿಕೆಯಲ್ಲಿ ಆಸಕ್ತಿ ಇದ್ದಂತೆ ಕಾಣಲಿಲ್ಲ.

ಆಗ ಸಣ್ಣವ್ವ ಎದ್ದಳು. ಸೆರಗಿನ ಒಳಗಿನಿಂದ ಹಳೇ ರುಮಾಲಿನ ತುಂಡಿನಲ್ಲಿ ಸುತ್ತಿದ್ದ ಗಂಟು ತೆಗೆದು, ಬಿಚ್ಚಿ, ಬೀಡಿ ಕಟ್ಟನ್ನು ಬದಿಗೆ ಸರಿಸಿ, ಆ ಜಾಗದಲ್ಲಿ ಕಪ್ಪು ರಟ್ಟಿನ ದಪ್ಪ ಪುಸ್ತಕವನ್ನು ಇಟ್ಟಳು. ಅವಳಿಗೆ ಓದು ಬಾರದು. ಇಷ್ಟವಾದದ್ದನ್ನು ಇಡಬೇಕೆಂದರು, ಇಟ್ಟಳು. ರಟ್ಟಿನ ಮೇಲಿದ್ದ ಚಿನ್ನದ ಅಕ್ಷರಗಳು ಕಾಕಾನ ಅಂಗೈ ತಿಕ್ಕಿ ತಿಕ್ಕಿ ಅಳಿಸಿಹೋಗಿದ್ದವು.

ಎಲ್ಲರೂ ಅದನ್ನು ನೋಡಿದರು. ಆಮೇಲೆ ಎಲ್ಲರೂ ಯಲ್ಲೇಶನನ್ನು ನೋಡಿದರು. ಪುಸ್ತಕವೆಂದರೆ ಅವನ ಇಲಾಖೆ.

"ಅದೇನ್ ಪುಸ್ತಕರೀ ಸರ್?" ಗೌಡರು ಕೇಳಿದರು. ದನಿಯಲ್ಲಿ ಸಂಶಯವೇನೂ ಇರಲಿಲ್ಲ. ಸುಮ್ಮನೆ ಕೇಳಿದ್ದರು.

ಸಣ್ಣವ್ವ ತಲೆ ಎತ್ತಿದಳು. ಅವಳ ಕಣ್ಣಿನಲ್ಲಿ ಭಯ ಇರಲಿಲ್ಲ, ಕಾಯುವುದಷ್ಟೇ ಇತ್ತು. ಯಲ್ಲೇಶನಿಗೆ ಹೇಳಬೇಕಾದ ವಾಕ್ಯ ನಾಲಿಗೆಯ ತುದಿಗೇ ಬಂದಿತ್ತು, ಮೂರು ದಿನದಿಂದ ಅಲ್ಲೇ ಇತ್ತು. ಬಿಸಿಲು ಜೋರಾಗಿತ್ತು. ನನಗೆ ಸುಸ್ತಾಗಿದೆ, ಬಹಳ ಸುಸ್ತಾಗಿದೆ ಎಂದು ಅವನಿಗೆ ಅನ್ನಿಸಿತು.

"ಶಬ್ದಕೋಶ ರೀ," ಎಂದ. "ಅಕ್ಷರ ಕಲೀಲಿ ಅಂತ ನಾನ ಕೊಟ್ಟಿದ್ದೆ."

ಮಾತು ಮುಗಿಯುವುದಕ್ಕೂ ರೆಕ್ಕೆ ಬಡಿದ ಸದ್ದಿಗೂ ನಡುವೆ ಅಂತರವಿರಲಿಲ್ಲ. ಕಾಗೆ ನೇರ ಇಳಿದು ಪುಸ್ತಕದ ರಟ್ಟಿನ ಮೇಲೆ ಕುಳಿತಿತು. ಅಲ್ಲಿಂದಲೇ ಕುತ್ತಿಗೆ ಚಾಚಿ ಅನ್ನಕ್ಕೆ ಕೊಕ್ಕು ಹಾಕಿತು. ಒಂದು ಸಲ, ಎರಡು ಸಲ. ಆಮೇಲೆ ಹೋಳಿಗೆಯ ತುಣುಕೊಂದನ್ನು ಕಚ್ಚಿಕೊಂಡು ಹಾರಿತು.

ಹೆಂಗಸರು ಕೈ ಮುಗಿದರು. ದುರಗವ್ವ ಅಳುತ್ತ ನಕ್ಕಳು. ಮಾಸ್ತರು ಬಾಯಿ ಬಿಟ್ಟದ್ದೇ ತಡ, ಬಂದುಬಿಟ್ಟಿತು ನೋಡು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಸತ್ತವನಿಗೆ ಮಾಸ್ತರನ ಮೇಲೇ ಜೀವ ಇತ್ತು ಎಂದರು. ಗೌಡರು ತಲೆದೂಗಿ, ಕೊಡೆ ಬಿಚ್ಚಿಕೊಂಡು, ಸೋಮವಾರ ಮನೆಯಲ್ಲೇ ಇರುತ್ತೇನೆ ಎಂದು ಹೇಳಿ ಹೊಲದ ದಾರಿ ಹಿಡಿದರು. ಎಲ್ಲರೂ ಯಲ್ಲೇಶನಿಗೆ ಋಣಿಗಳಾಗಿದ್ದರು. ಇಷ್ಟು ಸುಲಭವಾಗಿ ಅವನು ಎಂದೂ ಗೆದ್ದಿರಲಿಲ್ಲ.

ಮನೆಗೆ ಬಂದಾಗ ಪಡಸಾಲೆಯಲ್ಲಿ ಪಂಕ್ತಿ ಹಾಕಿದ್ದರು. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹೋಳಿಗೆ. ಒಂದು ತಾಟು ಖಾಲಿ ಇತ್ತು. ಯಲ್ಲೇಶ ಹೊಸ್ತಿಲ ಹೊರಗೇ ನಿಂತು, ಮಧ್ಯಾಹ್ನ ಶಾಲೆ ಇದೆ, ಹನ್ನೆರಡರ ಬಸ್ಸು ತಪ್ಪಿದರೆ ಆಮೇಲೆ ಇಲ್ಲ ಎಂದ. ಅಭ್ಯಾಸಬಲದಿಂದ ಬಂದ ಮಾತು.

ಸಣ್ಣವ್ವ ಒತ್ತಾಯ ಮಾಡಲಿಲ್ಲ. ಒಳಗೆ ಹೋಗಿ ಎರಡು ರೊಟ್ಟಿ, ಪಲ್ಯ ಡಬ್ಬಿಗೆ ತುಂಬಿ, ಕೈಚೀಲಕ್ಕೆ ಹಾಕಿ ತಂದಳು. ಡಬ್ಬಿಯ ಮೇಲೆ ಆ ಪುಸ್ತಕ ಇಟ್ಟಿದ್ದಳು. ರಟ್ಟಿನ ಮೇಲೆ ತುಪ್ಪದ ಕಲೆಯಾಗಿತ್ತು.

"ನಿನ್ನ ಶಬ್ದಕೋಶ," ಎಂದಳು.

ಅವನು ಚಿಗವ್ವಾ ಎಂದು ಏನೋ ಹೇಳಹೋದ. ಮಗಳ ಕಾಗದದ ಬಗ್ಗೆ, ಸೋಮವಾರದ ಬಗ್ಗೆ. ಅವಳು ಕೈ ಅಡ್ಡ ಹಿಡಿದಳು. ಸಿಟ್ಟಿನಿಂದಲ್ಲ.

"ಅದು ನನಗ ತಿಳೀತೈತಿ ತಮ್ಮಾ. ಹುಡುಗಿ ಓದಲಿ. ನೀ ಹೇಳದಿದ್ರ ಅಂವೇನ್ ಸಿಟ್ಟಾಗಾಂವ ಅಲ್ಲ. ಆದ್ರ ದಿನಾ ಒಂದ್ ತಾಟ ಹೆಚ್ಚಿಗಿ ಇಡಸ್ತಿದ್ದ. ಯಲ್ಲೇಶ ಬಂದ್ರ ಉಣ್ತಾನು ಅಂತಿದ್ದ."

ಒಳಗಿನಿಂದ ಯಾರೋ ನೀರು ಕೇಳಿದರು. ಅವಳು ಹೋದಳು. ಖಾಲಿ ತಾಟನ್ನು ಯಾರೂ ತೆಗೆದಿರಲಿಲ್ಲ.

ಬಸ್ ತಂಗುದಾಣದಲ್ಲಿ ಯಾರೂ ಇರಲಿಲ್ಲ. ಎದುರಿಗೆ ಕಡಲೆ ಕಿತ್ತಾದ ಎರೆಹೊಲ ಬಿರುಕು ಬಿಟ್ಟುಕೊಂಡು ದಿಗಂತದವರೆಗೆ ಬಿದ್ದಿತ್ತು. ಯಲ್ಲೇಶ ಸಿಮೆಂಟಿನ ಕಟ್ಟೆಯ ಮೇಲೆ ಕುಳಿತು ಮಲ್ಲಿಕಾಗೆ 'ಕೆಲಸ ಆಯಿತು' ಎಂದು ಬರೆದ. ಅವಳು ಕೈ ಮುಗಿದ ಚಿತ್ರ ಕಳಿಸಿದಳು. ಹಸಿವಾಗಿತ್ತು. ಡಬ್ಬಿ ತೆರೆದ. ಎಣ್ಣೆಗಾಯಿಯ ವಾಸನೆ ಮೇಲೆದ್ದಿತು. ನೋಡುವವರು ಯಾರೂ ಇರಲಿಲ್ಲ. ಕಾಕಾನ ಹಾಗೆ ಗಟ್ಟಿಯಾಗಿ ಪ್ರಾರ್ಥನೆ ಮಾಡಬಹುದಿತ್ತು. ಮಾಡಲು ಹೋದರೆ ಮೊದಲ ಪದವೇ ಸಿಗಲಿಲ್ಲ. ಆ ಹೆಸರನ್ನು ಇಷ್ಟು ವರ್ಷ ಬಾಯಿಯಿಂದ ಹೊರಗೆ ಬಿಟ್ಟಿರಲಿಲ್ಲ. ಒಳಗೂ ಈಗ ಉಳಿದಿರಲಿಲ್ಲವೇನೋ.

ಒಂದು ತುತ್ತು ಮುರಿದು ಕಟ್ಟೆಯ ತುದಿಗೆ ಇಟ್ಟ. ಯಾಕೆ ಇಟ್ಟೆನೆಂದು ಅವನಿಗೇ ತಿಳಿಯಲಿಲ್ಲ.

ತಂತಿಯ ಮೇಲಿನಿಂದ ಕಾಗೆಯೊಂದು ಇಳಿಯಿತು. ಬೆಳಗಿನದೇ ಇರಬಹುದು, ಬೇರೆ ಇರಬಹುದು. ಕಾಗೆಗಳಲ್ಲಿ ಯಾರು ಯಾರೆಂದು ಹೇಳುವುದು ಕಷ್ಟ. ಕಟ್ಟೆಯ ಆಚೆ ತುದಿಯಲ್ಲಿ ಕುಳಿತು ತುತ್ತನ್ನು ನೋಡಿತು. ಅವನನ್ನು ನೋಡಿತು. ಮುಟ್ಟಲಿಲ್ಲ.

"ಸೋಮವಾರ ಮುಗೀಲಿ, ಹೇಳ್ತೀನಿ," ಎಂದ ಯಲ್ಲೇಶ.

ಕಾಗೆ ಕತ್ತು ಓರೆ ಮಾಡಿತು.

"ಸೀಟು ಗಟ್ಟಿ ಆಗಲಿ. ಆಮ್ಯಾಲ ಎಲ್ಲಾರ ಮುಂದ ಹೇಳ್ತೀನಿ."

ಅದು ಕದಲಲಿಲ್ಲ. ಅವನು ಇನ್ನೊಂದು ತುತ್ತು ಮುರಿದು ಪಕ್ಕದಲ್ಲಿಟ್ಟ. ಇನ್ನೊಂದು ಮಾತು ಕೊಟ್ಟ. ಚಿಗವ್ವನ ಮನೆಗೆ ಹೋಗಿ ಉಣ್ಣುತ್ತೇನೆ ಎಂದ, ಬಾಗಿಲು ತೆರೆದಿಟ್ಟು ಉಣ್ಣುತ್ತೇನೆ ಎಂದ. ಅವನ ದನಿ ದುರಗವ್ವನ ದನಿಯಂತೆಯೇ ಏರತೊಡಗಿತ್ತು. ಬಸ್ಸು ಬಂದು ನಿಂತಿತು. ಬರುತ್ತೀರೇನೆಂದು ಕಂಡಕ್ಟರ ಕೇಳಿದ. ಯಲ್ಲೇಶ ತಿರುಗಿ ನೋಡದೆ, ತಡೆಯಿರಿ ಎಂಬಂತೆ ಒಂದು ಕೈ ಎತ್ತಿದ.

ಬಸ್ಸು ಹೋಯಿತು. ಎರೆಮಣ್ಣಿನ ಧೂಳು ಬಂದು ರೊಟ್ಟಿಯ ಮೇಲೆ, ಪುಸ್ತಕದ ಮೇಲೆ, ಅವನ ಮಡಿಲಿನ ಮೇಲೆ ತೆಳ್ಳಗೆ ಕೂತಿತು. ಕಟ್ಟೆಯ ಉದ್ದಕ್ಕೂ ರೊಟ್ಟಿಯ ತುತ್ತುಗಳು ಸಾಲಾಗಿ ಒಣಗುತ್ತಿದ್ದವು, ಕಾಗೆ ಅವನನ್ನೇ ನೋಡುತ್ತ ಕಾಯುತ್ತಿತ್ತು.