ನಿಮ್ಮಷ್ಟು

ದುಡ್ಡು ಕೊಡುವುದರಲ್ಲೂ ಇಷ್ಟೊಂದು ತಲೆನೋವಿದೆ ಎಂದು ನನಗೆ ಗೊತ್ತಿರಲಿಲ್ಲ. ನಮ್ಮಣ್ಣನ ಮಗಳು ಚೂಟಿಗೆ ಮರುದಿನ ಹದಿನಾರು ತುಂಬುತ್ತಿತ್ತು. ಈ ವಯಸ್ಸಿನವರಿಗೆ ಬಟ್ಟೆ ತಂದರೆ ಬಣ್ಣ ಸರಿಯಿಲ್ಲ, ಪುಸ್ತಕ ತಂದರೆ ಮುಖ ಸಿಂಡರಿಸುತ್ತಾರೆ. ದುಡ್ಡೇ ಕೊಡೋಣ ಎಂದುಕೊಂಡೆ. ಎಷ್ಟು ಎನ್ನುವುದೇ ಬಗೆಹರಿಯಲಿಲ್ಲ.

ಅಣ್ಣ ಫೋನಿನಲ್ಲಿ, "ಐನೂರರ ಮೇಲೆ ಕೊಡಬೇಡ ನೋಡು, ಆಮೇಲೆ ತಲೆ ಮೇಲೆ ಕೂತ್ಕೋತಾಳೆ" ಎಂದ. ನನ್ನ ಗಂಡ ಪಕ್ಕದಿಂದ, "ಎರಡು ಸಾವಿರ ಕೊಡೇ, ಹದಿನಾರೇನು ವರ್ಷಾ ವರ್ಷಾ ಬರುತ್ತಾ?" ಎಂದರು. ಹೋಗುವುದು ನನ್ನ ಗಂಟು, ಧಾರಾಳತನ ಇವರದು. ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ. ಅವಳನ್ನೇ ಕೇಳುತ್ತೇನೆ ಎಂದು ಹೇಳಿ ಇಬ್ಬರ ಬಾಯನ್ನೂ ಮುಚ್ಚಿಸಿದೆ.

ನನ್ನದು ಬ್ಯಾಗು, ಸೂಟ್‌ಕೇಸು ರಿಪೇರಿಯ ಅಂಗಡಿ. ಒಂದೇ ಕೋಣೆ, ಎರಡು ಹೊಲಿಗೆ ಮೆಷಿನ್ನು, ಗೋಡೆ ತುಂಬ ಬಾಯಿ ಬಿಟ್ಟುಕೊಂಡು ನೇತಾಡುವ ಚೀಲಗಳು. ಚೂಟಿ ಶಾಲೆ ಮುಗಿಸಿ ನೇರ ಇಲ್ಲಿಗೇ ಬರುತ್ತಾಳೆ. ಯಾರೂ ಕರೆದದ್ದಲ್ಲ. ಮೊದಮೊದಲು ದಾರ ಪೋಣಿಸುತ್ತಿದ್ದಳು, ಈಗ ಹಿಡಿಕೆ ಹೊಲಿಯುತ್ತಾಳೆ, ಜಿಪ್ಪನ್ನೂ ಹಾಕುತ್ತಾಳೆ. ದಪ್ಪ ಕ್ಯಾನ್ವಾಸಿನ ಮಡಿಕೆಯಲ್ಲಿ ಸೂಜಿ ಎಲ್ಲಿ ತಡವರಿಸುತ್ತದೆ ಎಂದು ಅವಳ ಬೆರಳಿಗೆ ಮೊದಲೇ ತಿಳಿಯುತ್ತದೆ. ಅಲ್ಲಿ ಪೆಡಲಿನ ಮೇಲೆ ಕಾಲನ್ನು ಸಡಿಲಿಸಿ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತಾಳೆ. ನಾನು ಹೇಳಿಕೊಟ್ಟದ್ದಲ್ಲ, ನನ್ನನ್ನು ನೋಡಿ ಕದ್ದದ್ದು. ಅವಳ ಕೆಲಸ ನೋಡುತ್ತ ಕೂತರೆ ಹೊಟ್ಟೆ ತಣ್ಣಗಾಗುತ್ತದೆ. ಎದುರಿಗೆ ಮಾತ್ರ ಹೇಳಿದವಳಲ್ಲ.

ಅಂದು ಸಂಜೆ ಎರಡೂ ಮೆಷಿನ್ನು ಓಡುತ್ತಿದ್ದಾಗಲೇ ಕೂಗಿ ಕೇಳಿದೆ. "ಚೂಟಿ, ಹುಟ್ಟಿದಹಬ್ಬಕ್ಕೆ ಎಷ್ಟು ಕೊಡ್ಲೇ?"

ಅವಳು ತಲೆ ಎತ್ತದೆ ಏನೋ ಅಂದಳು. ನನಗೆ ಕೇಳಿಸಿದ್ದು "ನಿಮ್ಮಿಷ್ಟ" ಎಂದು.

ಇಂಥ ಮರ್ಯಾದೆಯ ಉತ್ತರ ಕೊಟ್ಟ ಹುಡುಗಿಗೆ ಬರೀ ಐನೂರು ಕೊಡುವುದು ಹೇಗೆ? ಕೊನೆಗೂ ಗಂಡನೇ ಗೆದ್ದರು. ಎರಡು ಸಾವಿರ ಕವರಿಗೆ ಹಾಕಿ, ಮರುದಿನ ಅಂಗಡಿಯಲ್ಲೇ ಕೊಟ್ಟೆ. ತೆರೆದು ನೋಡಿ ಥ್ಯಾಂಕ್ಸ್ ಎಂದಳು. ಮುಖ ಮಾತ್ರ ಸಪ್ಪಗಾಯಿತು.

"ಏನೇ, ಕಮ್ಮಿಯಾಯ್ತಾ?"

"ಜಾಸ್ತಿಯಾಯ್ತು ಅತ್ತೆ. ನಾನು ಅಂದಿದ್ದು ನಿಮ್ಮಷ್ಟು ಅಂತ."

"ನನ್ನಷ್ಟಾ? ನಾನೇನು ಇಲ್ಲಿ ಕೊಪ್ಪರಿಗೆ ಹೂತಿಟ್ಟಿದ್ದೀನಾ?"

"ಒಂದು ಜಿಪ್ ಹಾಕೋಕೆ ನೀವು ಎಷ್ಟು ತಗೋತೀರೋ ಅಷ್ಟು. ನಾನು ಹಾಕಿದ್ರೂ ಅಷ್ಟೇ ಕೊಡಿ. ದಿನಾ ತಿಂಡಿಗೆ ಅಂತ ಕೊಡ್ತೀರಲ್ಲ, ಅದು ಮಕ್ಕಳಿಗೆ ಕೊಡೋದು." ಕಣ್ಣೊರೆಸಿಕೊಂಡಳು. "ನಂದು ಕೆಲಸ ಹೌದೋ ಅಲ್ವೋ, ಹೇಳಿಬಿಡಿ."

ಒಂದು ಜಿಪ್ಪಿಗೆ ನಾನು ತೆಗೆದುಕೊಳ್ಳುವುದು ನೂರೈವತ್ತು. ಎರಡು ಸಾವಿರ ಕೈಯಲ್ಲಿಟ್ಟುಕೊಂಡು ನೂರೈವತ್ತಕ್ಕೆ ಕಣ್ಣು ತುಂಬಿಕೊಂಡ ಇನ್ನೊಬ್ಬಳನ್ನು ನಾನು ಕಂಡಿಲ್ಲ.

ಸರಿ, ಹಾಗಾದರೆ ಕವರು ಕೊಡು ಎಂದು ಕೈ ಚಾಚಿದೆ. ಅವಳು ಅದನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

"ಇದು ಹುಟ್ಟಿದಹಬ್ಬದ್ದು ಅತ್ತೆ. ಅದೇ ಬೇರೆ, ಇದೇ ಬೇರೆ."

ಆಸಾಮಿ ಸಾಮಾನ್ಯದವಳಲ್ಲ.

ಗೋಡೆಯಿಂದ ಒಂದು ದೊಡ್ಡ ಪ್ರಯಾಣದ ಚೀಲ ಇಳಿಸಿ ಅವಳ ಮುಂದೆ ಹಾಕಿದೆ. ಅಂಥದರ ಮೂಲೆಯಲ್ಲಿ ಜಿಪ್ಪು ತಿರುಗಿಸುವಾಗ ನನಗೂ ಬೆವರಿಳಿಯುತ್ತದೆ. ಹೊಲಿದು ತಂದಳು. ಎಳೆದು ನೋಡಿದೆ. ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಸುಕ್ಕು. ಬೇರೆ ದಿನವಾಗಿದ್ದರೆ ಚೆನ್ನಾಗಿದೆ ಪುಟ್ಟಿ ಎಂದು ಬೆನ್ನು ತಟ್ಟಿ, ಅವಳು ಮನೆಗೆ ಹೋದ ಮೇಲೆ ನಾನೇ ಸರಿಮಾಡುತ್ತಿದ್ದೆ.

"ಬಿಚ್ಚು" ಎಂದೆ. "ಗಿರಾಕಿ ಇದನ್ನ ಮುಖಕ್ಕೆ ಎಸೀತಾನೆ."

ಬೈಸಿಕೊಂಡವಳ ಮುಖ ಅರಳಿದ್ದನ್ನು ಅಂದೇ ನೋಡಿದ್ದು. ಪೂರ್ತಿ ಬಿಚ್ಚಿದಳು, ಒಂದು ಸೂಜಿ ಮುರಿದಳು, ಮತ್ತೆ ಹಾಕಿದಳು. ಈ ಸಲ ಜಿಪ್ಪು ಎಲ್ಲೂ ತಡೆಯದೆ ಓಡಿತು. ಹೊಲಿಗೆ ನನ್ನದೋ ಅವಳದೋ ಎಂದು ನನಗೇ ಹೇಳಲಾಗುತ್ತಿರಲಿಲ್ಲ. ಹೆಮ್ಮೆಯಿಂದ ಇನ್ನೆರಡು ಸಲ ಸುಮ್ಮನೆ ಎಳೆದು ನೋಡಿದೆ.

ನೂರೈವತ್ತರಲ್ಲಿ ಸೂಜಿಯ ಹತ್ತು ರೂಪಾಯಿ ಮುರಿದುಕೊಂಡು ಉಳಿದದ್ದನ್ನು ಅವಳ ಕೈಗಿಟ್ಟೆ.

"ಸೂಜಿ ಮುರಿದ್ರೆ ನಿಮ್ಮ ದುಡ್ಡೂ ಹೋಗುತ್ತಾ ಅತ್ತೆ?"

"ಇನ್ಯಾರದ್ದು ಹೋಗುತ್ತೆ?"

"ಹಾಗಾದ್ರೆ ಸರಿ" ಎಂದು ದುಡ್ಡನ್ನು ಜೇಬಿಗೆ ಹಾಕಿಕೊಂಡು, ಗೋಡೆಯತ್ತ ತಿರುಗಿ, "ಮುಂದಿನದು ಯಾವುದು?" ಎಂದಳು.